ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ನಿಮ್ಮ ಲೋಡ್ ಎಷ್ಟು ಅಂತ ಅಳೆಯಿರಿ

ಕಳೆದ ತಿಂಗಳು ಪಾಂಡವಪುರದ ಹತ್ತಿರ ಇರುವ ಅಕ್ಕನ ಊರಿಗೆ ಹೋಗಿದ್ದೆ. ಅಕ್ಕನ ಮಗಳು ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ನಾನು ಕೈಕಾಲು ತೊಳೆದು ಕೂತಿದ್ದೇ ತಡ, ಲ್ಯಾಪ್‌ಟಾಪ್ ತಂದು ಮುಂದೆ ಇಟ್ಟಳು.

"ಮಾವ, ಇದು ತುಂಬಾ ನಿಧಾನ. ಐ7 ತಗೋಬೇಕಂತೆ. ಕ್ಲಾಸಲ್ಲಿ ಎಲ್ಲರೂ ಅದನ್ನೇ ಹೇಳ್ತಾರೆ."

ಪ್ರೊಸೆಸರ್ ಅಂದರೆ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡುವ ಮುಖ್ಯ ಚಿಪ್, ಅದೇ ಸಿಪಿಯು. ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರುಗಳಲ್ಲಿ ಐ3, ಐ5ಕ್ಕಿಂತ ಮೇಲಿನ ದರ್ಜೆಯದ್ದು. ಭಾವ ಪಕ್ಕದಲ್ಲೇ ಇದ್ದರು. "ಕಬ್ಬಿನ ದುಡ್ಡು ಬಂದಿದೆ, ಕೊಡಿಸೋಣ. ಆದ್ರೆ ಅಷ್ಟು ದೊಡ್ಡದು ನಿಜವಾಗ್ಲೂ ಬೇಕಾ? ಅದನ್ನ ನೀನು ಹೇಳು" ಅಂದರು.

ನಾನು ಭಾವನನ್ನೇ ಕೇಳಿದೆ. ತೋಟದ ಬೋರ್‌ಗೆ ಮೋಟಾರ್ ಇಳಿಸಿದಾಗ ಏನೇನು ನೋಡಿದ್ರಿ? ಅವರು ಯೋಚನೆ ಮಾಡದೆ ಹೇಳಿದರು: ಬೋರ್ ಎಷ್ಟು ಅಡಿ ಆಳ, ನೀರು ಎಷ್ಟು ಇಂಚು ಬರುತ್ತೆ, ಎಷ್ಟು ದೂರ ತಳ್ಳಬೇಕು. ಅದನ್ನ ನೋಡಿ ಎಚ್‌ಪಿ ತೀರ್ಮಾನ. ಒಂದೂವರೆ ಇಂಚು ನೀರಿನ ಬೋರ್‌ಗೆ ದೊಡ್ಡ ಮೋಟಾರ್ ಹಾಕಿದರೆ ನೀರು ಜಾಸ್ತಿ ಬರಲ್ಲ, ಮೋಟಾರ್ ಸುಡುತ್ತೆ.

ಲ್ಯಾಪ್‌ಟಾಪಿಗೂ ಇದೇ ಕ್ರಮ. ಆದರೆ ನಾವು ಅಂಗಡಿಗೆ ಹೋಗಿ ಮೊದಲು ಎಚ್‌ಪಿ ಕೇಳುತ್ತೇವೆ. ಬೋರ್ ಎಷ್ಟು ಆಳ ಅಂತ ನಮಗೇ ಗೊತ್ತಿರುವುದಿಲ್ಲ. ಅದನ್ನು ಅಳೆಯೋಕೆ ದುಡ್ಡು ಬೇಕಿಲ್ಲ. ಈಗ ಮನೆಯಲ್ಲಿರುವ ಹಳೇ ಲ್ಯಾಪ್‌ಟಾಪೇ ಸಾಕು.

ಮೊದಲ ಹೆಜ್ಜೆ: ಈಗಿನ ಲ್ಯಾಪ್‌ಟಾಪಲ್ಲೇ ಅಳೆಯುವುದು

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಅನ್ನುವ ಪುಟಕ್ಕೆ ಹೋಗಿ. ಎಡಗಡೆ ಸಿಪಿಯು, ಮೆಮೊರಿ, ಡಿಸ್ಕ್, ಜಿಪಿಯು ಅಂತ ಸಾಲಾಗಿ ಇರುತ್ತವೆ. ಈ ಕಿಟಕಿಯನ್ನು ಮುಚ್ಚದೆ ಪಕ್ಕಕ್ಕೆ ಇಟ್ಟು, ದಿನಾ ಮಾಡುವ ಕೆಲಸವನ್ನೇ ಮಾಡಿ. ನಿಧಾನ ಅನ್ನಿಸಿದ ಆ ಕ್ಷಣದಲ್ಲಿ ಯಾವುದು ತುಂಬಿದೆ ಅಂತ ನೋಡಿ. ಸುಮ್ನೆ ಇರುವಾಗ ನೋಡಿ ಪ್ರಯೋಜನ ಇಲ್ಲ.

ಹುಡುಗಿ ಹತ್ತು ಹನ್ನೆರಡು ಟ್ಯಾಬ್ ಇದ್ದ ಕ್ರೋಮ್ ತೆರೆದಳು. ನಕ್ಷೆ ಬರೆಯುವ ಆಟೋಕ್ಯಾಡ್ ತೆರೆದಳು. ಎರಡು ಮಹಡಿ ಮನೆಯ ಪ್ಲಾನ್ ತೆರೆಯೋಕೆ ಹೋದಳು. ಮೌಸ್ ಬಾಣ ನಿಂತುಬಿಟ್ಟಿತು. ಆಗ ಕಂಡದ್ದು ಇಷ್ಟು: ಸಿಪಿಯು 22 ಪರ್ಸೆಂಟ್. ಮೆಮೊರಿ 93 ಪರ್ಸೆಂಟ್. ಡಿಸ್ಕ್ 100 ಪರ್ಸೆಂಟ್, ಕೆಳಗಿಳಿಯುತ್ತಲೇ ಇಲ್ಲ.

ಅಂದರೆ ಪ್ರೊಸೆಸರ್ ಕೈಕಟ್ಟಿ ಕೂತಿದೆ. ಆಲೆಮನೆ ನೆನಪು ಮಾಡಿಕೊಳ್ಳಿ. ಗಾಣ ತಿರುಗೋಕೆ ರೆಡಿ ಇದೆ, ಆದರೆ ಗಾಣದ ಪಕ್ಕ ಕಬ್ಬು ಪೇರಿಸೋಕೆ ಜಾಗ ಇಲ್ಲ, ಗದ್ದೆಯಿಂದ ಗಾಡಿ ಬರೋದೂ ತಡ. ಆ ಜಾಗವೇ ರ‍್ಯಾಮ್, ಆ ಗಾಡಿಯೇ ಡಿಸ್ಕ್. ಟಾಸ್ಕ್ ಮ್ಯಾನೇಜರ್ ಮೆಮೊರಿ ಅನ್ನುವುದು ಈ ರ‍್ಯಾಮನ್ನೇ. ಜಾಗ ಸಾಲದಿದ್ದಾಗ ವಿಂಡೋಸ್ ರ‍್ಯಾಮಿನಲ್ಲಿ ಇರಬೇಕಾದ್ದನ್ನು ಡಿಸ್ಕಿಗೆ ತಳ್ಳಿ, ಬೇಕಾದಾಗ ಮತ್ತೆ ಎಳೆದು ತರುತ್ತದೆ. ಅವಳದ್ದು 4 ಜಿಬಿ ರ‍್ಯಾಮ್, ಹಳೇ ತಿರುಗುವ ಹಾರ್ಡ್ ಡಿಸ್ಕ್. ಇಂಥ ಕಡೆ ಎಷ್ಟು ದೊಡ್ಡ ಗಾಣ ತಂದಿಟ್ಟರೂ ಬೆಲ್ಲ ಜಾಸ್ತಿ ಆಗಲ್ಲ.

ಟಾಸ್ಕ್ ಮ್ಯಾನೇಜರ್ ಹೇಳುವುದನ್ನು ಹೀಗೆ ಓದಿ. ಮೆಮೊರಿ 85 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಡಿಸ್ಕ್ ನಿಮಿಷಗಟ್ಟಲೆ 100ರಲ್ಲಿದ್ದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಬೇಕು, ಅಥವಾ ರ‍್ಯಾಮ್ ಸಾಲದೆ ಡಿಸ್ಕಿನ ಮೇಲೆ ಭಾರ ಬಿದ್ದಿದೆ. ಇವೆರಡೂ ಸರಿಯಿದ್ದು ಸಿಪಿಯು ಮಾತ್ರ 90 ದಾಟಿ ನಿಂತಿದ್ದರೆ, ಅದು ನಿಜವಾದ ಪ್ರೊಸೆಸರ್ ಕೊರತೆ.

ಇನ್ನೊಂದು ಸೂಕ್ಷ್ಮ ಇದೆ, ತುಂಬಾ ಜನ ಇದನ್ನು ನೋಡುವುದಿಲ್ಲ. ಸಿಪಿಯು ಗ್ರಾಫಿನ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ, ಗ್ರಾಫನ್ನು 'ಲಾಜಿಕಲ್ ಪ್ರೊಸೆಸರ್ಸ್' ಅಂತ ಬದಲಾಯಿಸಿ. ಒಂದು ದೊಡ್ಡ ಗ್ರಾಫ್ ಹೋಗಿ ನಾಲ್ಕೋ ಎಂಟೋ ಹನ್ನೆರಡೋ ಸಣ್ಣ ಡಬ್ಬಿಗಳು ಬರುತ್ತವೆ. ಕೆಲಸ ಮಾಡುವಾಗ ಎಲ್ಲ ಡಬ್ಬಿಯೂ ತುಂಬಿದರೆ ನಿಮಗೆ ಜಾಸ್ತಿ ಕೋರ್ (ಪ್ರೊಸೆಸರಿನೊಳಗೆ ಬೇರೆಬೇರೆಯಾಗಿ ದುಡಿಯುವ ಭಾಗ) ಬೇಕು. ಒಂದೋ ಎರಡೋ ಮಾತ್ರ ತುಂಬಿ ಉಳಿದವು ಖಾಲಿ ಇದ್ದರೆ, ಕೋರ್ ಹೆಚ್ಚಿದ್ದು ಉಪಯೋಗ ಇಲ್ಲ. ಒಂದೊಂದು ಕೋರೂ ಚುರುಕಾಗಿರುವ ಹೊಸ ಪ್ರೊಸೆಸರ್ ಬೇಕು. ಆಟೋಕ್ಯಾಡ್‌ನಲ್ಲಿ ಗೆರೆ ಎಳೆಯುವುದು, ರೆವಿಟ್‌ನಲ್ಲಿ ಕಟ್ಟಡದ 3ಡಿ ಮಾಡೆಲ್ ಕಟ್ಟುವುದು ಹೆಚ್ಚಾಗಿ ಒಂದೇ ಕೋರಿನ ಕೆಲಸ. ವಿಡಿಯೊ ಎಕ್ಸ್‌ಪೋರ್ಟ್, ರೆಂಡರಿಂಗ್, ದೊಡ್ಡ ಪ್ರಾಜೆಕ್ಟಿನ ಕೋಡ್ ಕಂಪೈಲ್ ಮಾಡುವುದು ಎಲ್ಲ ಕೋರನ್ನೂ ಬಳಸುತ್ತವೆ.

ಎರಡನೇದು: ಒಂದು ವಾರ ಬರೆದಿಡಿ

ಒಂದು ನೋಟ್‌ಬುಕ್ ಪಕ್ಕದಲ್ಲಿಡಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಕಾಯಬೇಕಾದಾಗಲೆಲ್ಲ ಒಂದು ಸಾಲು ಬರೆಯಿರಿ: ಯಾವ ಕೆಲಸ, ಎಷ್ಟು ಹೊತ್ತು, ಯಾವುದು ತುಂಬಿತ್ತು. ವಾರ ಕಳೆದ ಮೇಲೆ ನೋಡಿದರೆ ನಿಮ್ಮ ಬೋರಿನ ಆಳ ಗೊತ್ತಾಗುತ್ತದೆ. ತುಂಬಾ ಜನರ ಪಟ್ಟಿಯಲ್ಲಿ ಆನ್ ಆಗೋಕೆ ಬೇಕಾದ ಹೊತ್ತು, ಬ್ರೌಸರ್, ನೆಟ್ ನಿಧಾನ ಇಷ್ಟೇ ಇರುತ್ತದೆ. ನೆಟ್ ನಿಧಾನಕ್ಕೆ ಯಾವ ಪ್ರೊಸೆಸರೂ ಮದ್ದಲ್ಲ.

ಯಾವ ಕೆಲಸಕ್ಕೆ ಎಷ್ಟು

ನುಡಿಯಲ್ಲಿ ಟೈಪ್ ಮಾಡುವುದು, ವರ್ಡ್, ಎಕ್ಸೆಲ್, ಟ್ಯಾಲಿ, ಬ್ಯಾಂಕ್ ಕೆಲಸ, ಆನ್‌ಲೈನ್ ಕ್ಲಾಸು. ಇದಕ್ಕೆಲ್ಲ ಈಗಿನ ಐ3 ಧಾರಾಳವಾಗಿ ಸಾಕು. ಐ3-1215ಯು ತೆಗೆದುಕೊಳ್ಳಿ, ಅದರಲ್ಲೇ 6 ಕೋರ್ ಇದೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಮುಗಿಯಿತು. ಅಗ್ರಹಾರದಲ್ಲೋ ಕುವೆಂಪುನಗರದಲ್ಲೋ ಜೆರಾಕ್ಸ್, ಡಿಟಿಪಿ ಅಂಗಡಿ ಇಡುವವರು ಇದಕ್ಕಿಂತ ಮೇಲಕ್ಕೆ ಹೋಗಿ ದುಡ್ಡು ಹಾಕಬೇಡಿ ಅಂತ ನಾನು ಕಳಕಳಿಯಿಂದ ಹೇಳುತ್ತೇನೆ. ಆ ದುಡ್ಡಲ್ಲಿ ಒಳ್ಳೇ ಪ್ರಿಂಟರ್ ಬರುತ್ತದೆ.

ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೂ ಭಯ ಬೇಡ. ಸಿ, ಜಾವಾ, ಪೈಥಾನ್ ಲ್ಯಾಬ್ ಕೆಲಸಕ್ಕೆ ಅದೇ ಐ3 ಸಾಕು. ಫೋನ್ ಆಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಬೇರೆ ಮಾತು. ಎಮ್ಯುಲೇಟರ್ (ಲ್ಯಾಪ್‌ಟಾಪಿನೊಳಗೇ ನಡೆಯುವ ನಕಲಿ ಫೋನ್) ಓಡಿಸಿದರೆ 8 ಜಿಬಿ ಒದ್ದಾಡುತ್ತದೆ, 16 ಜಿಬಿ ಮತ್ತು ಈಚಿನ ಐ5 ಅಥವಾ ಎಎಂಡಿ ಕಂಪನಿಯ ರೈಜೆನ್ 5 ಬೇಕು. ಆಪನ್ನು ಸ್ವಂತ ಫೋನಿಗೆ ಕೇಬಲ್ ಹಾಕಿ ಪರೀಕ್ಷೆ ಮಾಡಿದರೆ ಎಮ್ಯುಲೇಟರಿನ ಭಾರವೇ ಇರುವುದಿಲ್ಲ. ಮಷೀನ್ ಲರ್ನಿಂಗ್ ಓದುವವರು ಅದಕ್ಕೋಸ್ಕರ ಅಂತ ಮೊದಲೇ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುತ್ತಾರೆ. ಕಲಿಯುವ ಹಂತದಲ್ಲಿ ಗೂಗಲ್ ಕೊಲ್ಯಾಬ್ ಬ್ರೌಸರಿನಲ್ಲೇ ಓಡುತ್ತದೆ, ಲೆಕ್ಕ ನಡೆಯುವುದು ಗೂಗಲ್‌ನ ಕಂಪ್ಯೂಟರಿನಲ್ಲಿ. ಮೊದಲ ವರ್ಷ ಅದರಲ್ಲಿ ಕಳೆಯಿರಿ.

ನಿಜವಾಗಿ ಶಕ್ತಿ ಬೇಕಾದ ಜಾಗವನ್ನು ಹತ್ತಿರದಿಂದ ನೋಡಿದ್ದೇನೆ. ಮೈಸೂರಿನ ಸರಸ್ವತಿಪುರಂನಲ್ಲಿ ನನ್ನ ಗೆಳೆಯನೊಬ್ಬ ಮದುವೆ ವಿಡಿಯೊ ಮಾಡುತ್ತಾನೆ. ದಸರಾ ಮುಗಿದ ವಾರ ಅವನ ಕೋಣೆಯಲ್ಲಿ ಕೂತು ಅಳೆದೆವು. ಎಕ್ಸ್‌ಪೋರ್ಟ್ ಶುರುವಾದ ಕೂಡಲೇ ಎಲ್ಲ ಡಬ್ಬಿಯೂ ಭರ್ತಿ. ಸಿಪಿಯು 100. ಮೆಮೊರಿ 16ರಲ್ಲಿ 11 ಜಿಬಿ. ಡಿಸ್ಕ್ 5 ಪರ್ಸೆಂಟೂ ಇಲ್ಲ. ಇದು ಪಕ್ಕಾ ಪ್ರೊಸೆಸರಿನ ಕೊರತೆ. ಆದರೆ ಅದೇ ಪುಟದಲ್ಲಿ 'ಸ್ಪೀಡ್' ಅಂತ ಒಂದು ಅಂಕಿ ಇರುತ್ತದೆ. ಶುರುವಿನಲ್ಲಿ 3.8 ಗಿಗಾಹರ್ಟ್ಜ್ ಇದ್ದದ್ದು ಆರೇ ನಿಮಿಷದಲ್ಲಿ 2.1ಕ್ಕೆ ಇಳಿಯಿತು. ಕೈ ಇಟ್ಟರೆ ಕೀಬೋರ್ಡ್ ದೋಸೆ ಹಂಚಿನ ಹಾಗೆ. ಬಿಸಿ ಜಾಸ್ತಿ ಆದಾಗ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳೋಕೆ ವೇಗ ಇಳಿಸುತ್ತದೆ.

ಕೆಳಗಿನ ಮುಚ್ಚಳ ಬಿಚ್ಚಿದೆವು. ಫ್ಯಾನಿಗೂ ತಾಮ್ರದ ರೆಕ್ಕೆಗೂ ನಡುವೆ ಧೂಳು ಕಂಬಳಿ ಚೂರಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಸಿ, ರಿಪೇರಿಯವರ ಕೈಲಿ ಹೊಸ ಥರ್ಮಲ್ ಪೇಸ್ಟ್ ಹಾಕಿಸಿದ ಮೇಲೆ ವೇಗ 3ರ ಕೆಳಗೆ ಇಳಿಯಲಿಲ್ಲ. ಅವನು ಹೊಸದು ಕೊಳ್ಳುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದ. ಎಡಿಟ್ ಮಾಡುವಾಗ ಚಿತ್ರ ತಡವರಿಸುತ್ತಿದ್ದುದಕ್ಕೆ ಪ್ರಾಕ್ಸಿ ಮಾಡಿಕೊಂಡ. ಅಂದರೆ 4ಕೆ ವಿಡಿಯೊಗೆ ಒಂದು ಹಗುರ ನಕಲು ಮಾಡಿಕೊಂಡು ಅದರ ಮೇಲೆ ಕತ್ತರಿಸಿ ಜೋಡಿಸುವುದು, ಕೊನೆಗೆ ಎಕ್ಸ್‌ಪೋರ್ಟ್‌ನಲ್ಲಿ ಮಾತ್ರ ಅಸಲಿ ವಿಡಿಯೊ ಬಳಸುವುದು. ಎಕ್ಸ್‌ಪೋರ್ಟ್ ರಾತ್ರಿ ಮಲಗುವಾಗ ಹಾಕಿ ಬೆಳಿಗ್ಗೆ ನೋಡುವವರಿಗೆ ಒಂದು ಗಂಟೆ ಜಾಸ್ತಿ ಹಿಡಿದರೆ ನಷ್ಟ ಇಲ್ಲ. ಗಿರಾಕಿ ಎದುರಿಗೆ ಕೂತು ಕಾಯುತ್ತಾರೆ ಅನ್ನುವವರಿಗೆ ನಷ್ಟ ಇದೆ. ಅವರು ಎಚ್ ಸರಣಿಯ (ಜಾಸ್ತಿ ಕರೆಂಟ್ ಕುಡಿದು ಜಾಸ್ತಿ ದುಡಿಯುವ) ಪ್ರೊಸೆಸರ್, ಬೇರೆ ಗ್ರಾಫಿಕ್ಸ್ ಕಾರ್ಡ್, 16ರಿಂದ 32 ಜಿಬಿ ರ‍್ಯಾಮ್ ಅಂತ ಧೈರ್ಯವಾಗಿ ಖರ್ಚು ಮಾಡಲಿ. ಆ ಖರ್ಚು ದುಡಿದು ವಾಪಸ್ ಬರುತ್ತದೆ.

ಸ್ಟಿಕ್ಕರ್ ಅಲ್ಲ, ಪೂರ್ತಿ ಹೆಸರು ಓದಿ

ಇಲ್ಲಿ ನನ್ನದೇ ಒಂದು ನೋವು ಹೇಳಬೇಕು. 2017ರ ಶುರುವಿನಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ ಐ7 ಅಂದದ್ದೇ ನಂಬಿ, ಕೈಮೀರಿ ದುಡ್ಡು ಕೊಟ್ಟು ಲ್ಯಾಪ್‌ಟಾಪ್ ತಂದೆ. ಅದು ಐ7-7500ಯು. ಅದರಲ್ಲಿ ಇದ್ದದ್ದು 2 ಕೋರ್. ಅದೇ ವರ್ಷ ಆಗಸ್ಟಿನಲ್ಲಿ ಐ5-8250ಯು ಬಂತು, ಅದರಲ್ಲಿ 4 ಕೋರ್. ಹೊಸ ಐ5 ನನ್ನ ಐ7ನ ಮುಂದೆ ಹೋಗಿಬಿಟ್ಟಿತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ಆದರೆ ಕೋರ್ ಎಷ್ಟು ಅಂತ ನಾನು ಕೇಳಿದಾಗ ಯಾರೂ ಉತ್ತರ ಕೊಡಲಿಲ್ಲ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಐ5-1235ಯು ಅನ್ನುವ ಹೆಸರನ್ನು ಬಿಡಿಸೋಣ. ಮೊದಲ ಎರಡು ಅಂಕಿ 12, ಅಂದರೆ ಹನ್ನೆರಡನೇ ತಲೆಮಾರು. ಕೊನೆಯ ಅಕ್ಷರ ಯು, ಅಂದರೆ ಕಡಿಮೆ ಕರೆಂಟ್ ಕುಡಿಯುವುದು, ಸುಮಾರು 15 ವ್ಯಾಟ್ ಲೆಕ್ಕದ್ದು. ಎಚ್ ಇದ್ದರೆ 45 ವ್ಯಾಟ್ ಲೆಕ್ಕ. ಈ ಕೊನೆಯ ಅಕ್ಷರ ಮುಂದಿನ 5, 7ಕ್ಕಿಂತ ಎಷ್ಟೋ ಸಲ ದೊಡ್ಡದು. ಐ5-1235ಯು ಮತ್ತು ಐ7-1255ಯು ಎರಡರಲ್ಲೂ ಅವೇ 10 ಕೋರ್: 2 ದೊಡ್ಡವು, 8 ಸಣ್ಣವು. ಮೇಲಿನ ವೇಗ 4.4 ಮತ್ತು 4.7 ಗಿಗಾಹರ್ಟ್ಜ್. ಇಷ್ಟಕ್ಕೆ ಐ7 ಅಂತ ಜಾಸ್ತಿ ಕೊಡಬೇಕಾ, ನೀವೇ ಹೇಳಿ. ಐ5-12500ಎಚ್‌ನಲ್ಲಿ 12 ಕೋರ್, ಅದರಲ್ಲಿ 4 ದೊಡ್ಡವು. ಎಲ್ಲ ಕೋರೂ ದುಡಿಯುವ ಕೆಲಸದಲ್ಲಿ ಈ ಐ5 ಆ ಐ7ನ್ನು ಹಿಂದೆ ಹಾಕುತ್ತದೆ.

ಎಎಂಡಿಯಲ್ಲಿ ಬೇರೆ ತರಹದ ಗೊಂದಲ. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ನೋಡೋಕೆ ಅಣ್ಣತಮ್ಮಂದಿರು. ಆದರೆ 7520ಯು ಒಳಗಿರುವುದು ಝೆನ್ 2 ಅನ್ನುವ 2019ರ ವಿನ್ಯಾಸ, 4 ಕೋರ್. 7530ಯುನಲ್ಲಿ ಝೆನ್ 3, 6 ಕೋರ್. ಈ 7000 ಸರಣಿಯಲ್ಲಿ ಮೂರನೇ ಅಂಕಿಯೇ ವಿನ್ಯಾಸದ ಗುರುತು: 2 ಅಂದರೆ ಝೆನ್ 2, 3 ಅಂದರೆ ಝೆನ್ 3, 4 ಅಂದರೆ ಝೆನ್ 4.

2023ರ ಡಿಸೆಂಬರ್‌ನಿಂದ ಇಂಟೆಲ್ ಕೋರ್ ಅಲ್ಟ್ರಾ ಅನ್ನುವ ಹೆಸರು ತಂದಿದೆ, 'ಐ' ಅಕ್ಷರ ಹೋಗಿದೆ. ಅಲ್ಲೂ ಕೊನೆಯ ಅಕ್ಷರ ನೋಡುವುದು ತಪ್ಪಿಸಬೇಡಿ. ಎಐ ಪಿಸಿ ಅನ್ನುವ ಸ್ಟಿಕ್ಕರಿಗೋಸ್ಕರವೇ ಜಾಸ್ತಿ ಕೊಡುವ ಅಗತ್ಯ ಸದ್ಯಕ್ಕೆ ನಮ್ಮಲ್ಲಿ ಹೆಚ್ಚಿನವರಿಗೆ ಇಲ್ಲ. ಸ್ನಾಪ್‌ಡ್ರಾಗನ್ ಅನ್ನುವ ಬೇರೆ ಬಗೆಯ ಪ್ರೊಸೆಸರ್ ಇರುವ ವಿಂಡೋಸ್ ಲ್ಯಾಪ್‌ಟಾಪಿಗೆ ಬ್ಯಾಟರಿ ಚೆನ್ನಾಗಿ ಬರುತ್ತದೆ, ಆದರೆ ಕೆಲವು ಎಂಜಿನಿಯರಿಂಗ್ ಸಾಫ್ಟ್‌ವೇರ್, ಹಳೇ ಪ್ರಿಂಟರ್ ಡ್ರೈವರ್ ಅದರಲ್ಲಿ ಓಡುವುದಿಲ್ಲ. ನಿಮ್ಮ ಸಾಫ್ಟ್‌ವೇರ್ ಓಡುತ್ತದೆ ಅಂತ ಖಾತ್ರಿ ಆದ ಮೇಲೆ ಮಾತ್ರ ಕೈ ಹಾಕಿ.

ಶಕ್ತಿಗೆ ತೆರಬೇಕಾದ ಬೆಲೆ

ಎಚ್ ಸರಣಿ ಅಂದರೆ ಬಿಸಿ, ಫ್ಯಾನ್ ಸದ್ದು, ಬೇಗ ಇಳಿಯುವ ಬ್ಯಾಟರಿ, ಭಾರ. ಎರಡು ಕೆಜಿ ದಾಟುವ ಲ್ಯಾಪ್‌ಟಾಪು, ಅದರ ಜೊತೆ ಇಟ್ಟಿಗೆ ಥರದ ಚಾರ್ಜರ್. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ನಿಂತು ಓಡಾಡುವ ಹುಡುಗರ ಬೆನ್ನು ಇದನ್ನು ವರ್ಷಪೂರ್ತಿ ಹೊರಬೇಕು. ಕರೆಂಟ್ ಹೋದರೆ ಹಳ್ಳಿಮನೆಯಲ್ಲಿ ಯಾವಾಗ ಬರುತ್ತೋ ಗೊತ್ತಿಲ್ಲ, ಆಗ ಯು ಸರಣಿಯೇ ಕೈ ಹಿಡಿಯುವುದು. ಮೈಸೂರಿನ ಹವಾ ತಂಪು ಅಂತ ನಂಬಬೇಡಿ, ಏಪ್ರಿಲ್‌ನಲ್ಲಿ ಶೀಟಿನ ಮನೆಯೊಳಗೆ ಎಚ್ ಸರಣಿಯ ವೇಗ ಇಳಿಯುವುದನ್ನು ಕಣ್ಣಾರೆ ನೋಡಬಹುದು. ಹಾಸಿಗೆ ಮೇಲೆ ಇಟ್ಟರಂತೂ ಗಾಳಿ ಹೋಗುವ ಕಿಂಡಿಯೇ ಮುಚ್ಚಿಹೋಗುತ್ತದೆ.

"ನಾಲ್ಕು ವರ್ಷ ಬರಬೇಕಲ್ವಾ" ಅಂತ ಮೇಲಿನ ಪ್ರೊಸೆಸರ್ ತೆಗೆದುಕೊಳ್ಳುವವರಿಗೆ ನನ್ನ ಸಲಹೆ ಬೇರೆ. ಒಂದು ಮೆಟ್ಟಿಲು ಕೆಳಗಿನ ಪ್ರೊಸೆಸರ್ ತಗೊಳ್ಳಿ, ರ‍್ಯಾಮ್ ಹಾಕೋಕೆ ಖಾಲಿ ಸ್ಲಾಟ್ ಇರುವ ಲ್ಯಾಪ್‌ಟಾಪ್ ಹುಡುಕಿ. ಪ್ರೊಸೆಸರನ್ನು ಆಮೇಲೆ ಬದಲಾಯಿಸೋಕೆ ಆಗುವುದಿಲ್ಲ ಅನ್ನುವುದು ನಿಜ. ಆದರೆ ಲ್ಯಾಪ್‌ಟಾಪ್ ಮುದಿಯಾಗುವಾಗ ಮೊದಲು ಸೋಲುವುದು ಸಾಮಾನ್ಯವಾಗಿ ರ‍್ಯಾಮ್. ಬೋರ್ಡಿಗೇ ಬೆಸುಗೆ ಹಾಕಿದ 8 ಜಿಬಿ ಇದ್ದು ಸ್ಲಾಟೇ ಇಲ್ಲದ ಲ್ಯಾಪ್‌ಟಾಪನ್ನು, ಎಷ್ಟೇ ಒಳ್ಳೆಯ ಪ್ರೊಸೆಸರ್ ಇದ್ದರೂ, ನಾನು ವಿದ್ಯಾರ್ಥಿಗಳಿಗೆ ಬೇಡ ಅಂತಲೇ ಹೇಳುತ್ತೇನೆ.

ಸೆಕೆಂಡ್‌ಹ್ಯಾಂಡ್ ನೋಡುವವರು ಎಂಟನೇ ತಲೆಮಾರಿನ ಕೆಳಗೆ ಇಳಿಯಬೇಡಿ. ವಿಂಡೋಸ್ 11 ಇಂಟೆಲ್‌ನಲ್ಲಿ ಬಹುತೇಕ ಅಲ್ಲಿಂದಲೇ ಶುರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇನ್ನೂ ಹಳೆಯದು ಮನೆಯಲ್ಲೇ ಇದ್ದರೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿ ಮಕ್ಕಳಿಗೆ ಕೊಡಬಹುದು.

ಅಂಗಡಿಯಲ್ಲಿ ಮಾಡಬೇಕಾದ್ದು

ದೇವರಾಜ ಅರಸು ರಸ್ತೆಗೆ ಹೋಗಿ, ಮಂಡ್ಯದ ವಿವಿ ರಸ್ತೆಗೆ ಹೋಗಿ, ಡೆಮೊ ಲ್ಯಾಪ್‌ಟಾಪಿನಲ್ಲಿ ಅದೇ ಮೂರು ಕೀ ಒತ್ತಿ. ಸಿಪಿಯು ಪುಟದ ಮೇಲ್ಗಡೆ ಬಲಕ್ಕೆ ಪ್ರೊಸೆಸರಿನ ಪೂರ್ತಿ ಹೆಸರು ಇರುತ್ತದೆ, ಕೆಳಗೆ ಕೋರ್ ಎಷ್ಟು ಅಂತ ಇರುತ್ತದೆ. ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟಿನಲ್ಲಿ ಎಷ್ಟು ಬಳಕೆಯಾಗಿದೆ ಅಂತ ಬರೆದಿರುತ್ತದೆ. ಇದನ್ನೇ ಪೂರ್ತಿ ನಂಬಬೇಡಿ, ಬೆಸುಗೆ ಹಾಕಿದ ರ‍್ಯಾಮೂ ಕೆಲವು ಸಲ ಸ್ಲಾಟಿನ ಲೆಕ್ಕದಲ್ಲೇ ಬರುತ್ತದೆ. ಹಾಗಾಗಿ ಖಾಲಿ ಸ್ಲಾಟ್ ನಿಜವಾಗಿ ಇದೆಯಾ ಅಂತ ಕಂಪನಿಯ ವೆಬ್‌ಸೈಟಿನಲ್ಲೂ ನೋಡಿ. ಹೆಸರನ್ನು ಫೋನಿನಲ್ಲಿ ಬರೆದುಕೊಂಡು ಮನೆಗೆ ಬನ್ನಿ. ಅವತ್ತೇ ಕೊಳ್ಳಬೇಡಿ. ಎರಡು ಪ್ರೊಸೆಸರನ್ನು ಹೋಲಿಸೋಕೆ ಸಿನೆಬೆಂಚ್ ಅನ್ನುವ ವೇಗ ಪರೀಕ್ಷೆಯ ಅಂಕಗಳನ್ನು ಹುಡುಕಿ. ಒಂದೇ ಕೋರಿನ ಅಂಕ, ಎಲ್ಲ ಕೋರಿನ ಅಂಕ ಅಂತ ಎರಡು ಸಿಗುತ್ತವೆ. ನಿಮ್ಮ ಡಬ್ಬಿಗಳು ಏನು ಹೇಳಿದ್ದವೋ ಅದರ ಪ್ರಕಾರ ಯಾವ ಅಂಕ ನೋಡಬೇಕು ಅಂತ ಈಗ ನಿಮಗೆ ಗೊತ್ತು.

ಬಿಲ್ ಮಾಡಿಸುವಾಗ ಪ್ರೊಸೆಸರಿನ ಪೂರ್ತಿ ಹೆಸರನ್ನೂ ಬರೆಸಿ. ಡಬ್ಬ ಬಿಚ್ಚಿದ ಮೇಲೆ ಹೆಸರು ತಾಳೆ ನೋಡಿ.

ಅಕ್ಕನ ಮಗಳ ಲ್ಯಾಪ್‌ಟಾಪ್ ಹತ್ತನೇ ತಲೆಮಾರಿನ ಐ3. ಅದಕ್ಕೆ ಒಂದು ಸ್ಲಾಟ್ ಖಾಲಿ ಇತ್ತು. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಹಾಕಿಸಿದೆವು. ಮೂರು ನಿಮಿಷ ಹಿಡಿಯುತ್ತಿದ್ದ ಲ್ಯಾಪ್‌ಟಾಪ್ ಈಗ ಅರ್ಧ ನಿಮಿಷದೊಳಗೆ ಆನ್ ಆಗುತ್ತದೆ. ಮೊನ್ನೆ ಫೋನ್ ಮಾಡಿದ್ದಳು: "ಮಾವ, ಪ್ಲಾನ್ ತೆರೆದೆ, ಮೆಮೊರಿ 58, ಡಿಸ್ಕ್ 3, ಸಿಪಿಯು 30. ರೆವಿಟ್ ಶುರುವಾದಾಗ ಮತ್ತೆ ಅಳೀತೀನಿ, ಆಗ ಬೇಕಾದ್ರೆ ನೋಡೋಣ." ಭಾವ ಉಳಿದ ದುಡ್ಡಲ್ಲಿ ತೋಟಕ್ಕೆ ಡ್ರಿಪ್ ಪೈಪ್ ತಂದಿದ್ದಾರೆ.